ಹರಾಜು, ಲಿಲಾವು, ಏಲಂ, ಸವಾಲು: ಯಾವ ಪದ ಎಲ್ಲಿಗೆ?

ಕಳೆದ ತಿಂಗಳು ಒಂದು ಸ್ಥಳೀಯ ಸಂಸ್ಥೆಯ ಪ್ರಕಟಣೆಯ ಕರಡು ತಿದ್ದುವುದಕ್ಕೆಂದು ನನ್ನ ಮೇಜಿಗೆ ಬಂತು. ಅಂಗಡಿ ಮಳಿಗೆಗಳನ್ನು ಬಾಡಿಗೆಗೆ ಕೊಡುವ ವಿಚಾರ. ತಲೆಬರಹ ‘ಬಹಿರಂಗ ಹರಾಜು ಪ್ರಕಟಣೆ’. ಎರಡನೇ ಪ್ಯಾರಾದಲ್ಲಿ ‘ಮೊಹರು ಮಾಡಿದ ಲಕೋಟೆಯಲ್ಲಿ ದರ ನಮೂದಿಸಿ ಸಲ್ಲಿಸತಕ್ಕದ್ದು’. ಕೊನೆಗೆ ‘ಹರಾಜುದಾರರು ಠೇವಣಿ ಹಣ ಮುಂಚಿತವಾಗಿ ಕಟ್ಟತಕ್ಕದ್ದು’. ಆ ದಿನ ಹೋಗಿ ಕೂಗಬೇಕೋ, ಬರೆದು ಹಾಕಬೇಕೋ? ಠೇವಣಿ ಕಟ್ಟಬೇಕಾದವರು ಕೊಳ್ಳುವವರೋ, ಕೂಗಿಸುವವರೋ? ಫೋನ್ ಮಾಡಿ ಕೇಳಿದರೆ, ‘ಎಲ್ಲಾ ಒಂದೇ ಅಲ್ವಾ ಸಾರ್’ ಅಂದರು.

ಒಂದೇ ಅಲ್ಲ. ದುಡ್ಡು ಕಟ್ಟುವವನಿಗಂತೂ ಖಂಡಿತ ಒಂದೇ ಅಲ್ಲ.

ನಾನು ಅಂಕೋಲೆ ಕಡೆಯವನು, ನಮ್ಮಲ್ಲಿ ಕೂಗಿ ಮಾರುವುದಕ್ಕೆ ಸವಾಲು ಅನ್ನುತ್ತಾರೆ. ಕೆಲಸಕ್ಕೆ ಸೇರಿದ್ದು ಹುಬ್ಬಳ್ಳಿಯಲ್ಲಿ, ಅಲ್ಲಿ ಲಿಲಾವು. ಹೆಂಡತಿಯ ತವರು ಸುಳ್ಯ, ಅಲ್ಲಿ ಏಲಂ. ಈಗ ಇರುವುದು ಬೆಂಗಳೂರಿನಲ್ಲಿ, ಇಲ್ಲಿ ಎಲ್ಲದಕ್ಕೂ ಹರಾಜು. ನಾಲ್ಕು ಪದವೂ ಒಂದೇ ಮನೆಯೊಳಗೆ ಓಡಾಡುವುದರಿಂದ ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದು ಅಷ್ಟಿಷ್ಟು ಗೊತ್ತಾಗಿದೆ.

‘ಅಚ್ಚಗನ್ನಡ ಪದ ಯಾವುದು?’

ಈ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ನಾಲ್ಕರಲ್ಲಿ ಒಂದೂ ಅಲ್ಲ. ಹರಾಜು ಅರಬ್ಬಿಯ ‘ಹರಾಜ್’. ಸೌದಿಯಲ್ಲಿ ದುಡಿದು ಬಂದ ಕನ್ನಡಿಗರನ್ನು ಕೇಳಿ, ಅಲ್ಲಿ ಹಳೆ ಸಾಮಾನು ಕೂಗಿ ಮಾರುವ ಸಂತೆಗೆ ಇವತ್ತಿಗೂ ಹರಾಜ್ ಅನ್ನುತ್ತಾರೆ. ತೆಲುಗಿನ ಹರ್ರಾಜು, ಮರಾಠಿಯ ಹರ್ರಾಸ್, ಗುಜರಾತಿಯ ಹರಾಜಿ ಎಲ್ಲ ಇದೇ ಬಳಗ. 2024ರ ನವೆಂಬರಿನಲ್ಲಿ ಐಪಿಎಲ್ ಆಟಗಾರರ ಹರಾಜು ಜೆಡ್ಡಾದಲ್ಲಿ ನಡೆದಾಗ ನಮ್ಮ ಪತ್ರಿಕೆಗಳೆಲ್ಲ ‘ಜೆಡ್ಡಾದಲ್ಲಿ ಹರಾಜು’ ಎಂದು ಬರೆದವು. ಪದ ತನ್ನ ತವರಿಗೆ ಹೋಗಿ ಬಂದದ್ದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಲಿಲಾವು, ಏಲಂ ಎರಡೂ ಪೋರ್ಚುಗೀಸರ ‘ಲೆಯ್ಲಾಂವ್’ನಿಂದ ಬಂದವು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್ಸ್‌ಖೋಟನ್ ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಊರಿನ ದೊಡ್ಡ ಬೀದಿಯಲ್ಲಿ ಜನ ಸೇರುತ್ತಿದ್ದರು, ಕುದುರೆ, ಒಡವೆ, ಗುಲಾಮರು, ಸತ್ತವರ ಮನೆಯ ಸಾಮಾನು ಎಲ್ಲವನ್ನೂ ಕೂಗಿ ಮಾರುತ್ತಿದ್ದರು. ಆ ಬೀದಿಯಿಂದ ಹೊರಟ ಪದ ಮರಾಠಿ ಸೀಮೆಗೆ ಹೋಗಿ ಲಿಲಾವ, ಹಿಂದಿಯಲ್ಲಿ ನೀಲಾಮ್, ಮಲಯಾಳದಲ್ಲಿ ಲೇಲಂ, ಮೊದಲ ಲಕಾರ ಉದುರಿಸಿಕೊಂಡು ತಮಿಳಿನಲ್ಲಿ ಏಲಂ ಆಯಿತು. ಇಂಡೊನೇಷ್ಯಾದವರೆಗೂ ಹೋಗಿ ಲೆಲಾಂಗ್ ಆಗಿ ಕೂತಿದೆ. ಪೋರ್ಚುಗೀಸರಾದರೂ ಅದನ್ನು ಪಡೆದದ್ದು ಅರಬ್ಬಿಯಿಂದಲೇ, ‘ಸಾರಿ ಹೇಳುವುದು’ ಎಂಬ ಅರ್ಥದ ಮಾತಿನಿಂದ. ಸವಾಲು ಕೂಡ ಅರಬ್ಬಿಯೇ, ಮೂಲದಲ್ಲಿ ‘ಪ್ರಶ್ನೆ’. ಅಂದರೆ ನಾಲ್ಕನ್ನೂ ಕೆದಕಿದರೆ ಬೇರು ಒಂದೇ ಕಡೆ ಸಿಗುತ್ತದೆ.

ಸಂಸ್ಕೃತದಲ್ಲಿ ಇಲ್ಲವೇ ಅನ್ನುವವರಿಗೆ, ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೊಲಮನೆ ಮಾರುವ ಕ್ರಮ ಹೇಳುವಾಗ ಮೂರು ಸಲ ಸಾರಬೇಕು, ಯಾರೂ ತಡೆಯದಿದ್ದರೆ ಕೊಳ್ಳುವವನಿಗೆ ಸಲ್ಲುತ್ತದೆ, ಸ್ಪರ್ಧೆಯಿಂದ ಬೆಲೆ ಏರಿದರೆ ಏರಿದಷ್ಟೂ ಸುಂಕದ ಜೊತೆ ಬೊಕ್ಕಸಕ್ಕೆ ಹೋಗಬೇಕು ಎಂದಿದೆ. ಕೂಗಿ ಕೊಳ್ಳುವವನಿಗೆ ಅಲ್ಲಿರುವ ಹೆಸರು ‘ಪ್ರತಿಕ್ರೋಷ್ಟಾ’, ಮರುಕೂಗು ಹಾಕುವವನು. ‘ಒಂದು ಸಲ, ಎರಡು ಸಲ, ಮೂರು ಸಲ’ ಅನ್ನುವ ನಮ್ಮ ರೂಢಿ ಕೇಳಿದಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ. ಆದರೆ ಕೋಲಾರದ ಟೊಮೆಟೊ ಮಂಡಿಯಲ್ಲಿ ನಿಂತು ‘ಪ್ರತಿಕ್ರೋಷ್ಟಾ ಯಾರು?’ ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ.

ಹಾಗಾಗಿ ಹುಟ್ಟು ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಎಲ್ಲಿಯ ಓದುಗರು, ಬೆಲೆ ಕೂಗಿದ್ದೋ ಬರೆದದ್ದೋ, ಮಾರುತ್ತಿರುವುದು ವಸ್ತುವೋ ಹಕ್ಕೋ ಎಂಬ ಮೂರನ್ನು ನೋಡಿ ಆರಿಸಿ.

ಹರಾಜು

ಓದುಗರು ಯಾರೆಂದು ಗೊತ್ತಿಲ್ಲದಿದ್ದರೆ ಹರಾಜು ಬರೆಯಿರಿ. ಬೀದರಿನಿಂದ ಚಾಮರಾಜನಗರದವರೆಗೆ ಅರ್ಥವಾಗದ ಊರಿಲ್ಲ. ಸರ್ಕಾರಿ ಕನ್ನಡದ ಪದವೂ ಇದೇ. ಪಿರಿಯಾಪಟ್ಟಣ, ಹುಣಸೂರು ಕಡೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ, ಪ್ರಾಧಿಕಾರಗಳ ಮೂಲೆ ನಿವೇಶನದ ಹರಾಜು, ಬ್ಯಾಂಕಿನವರ ಒಡವೆ ಹರಾಜು. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹೋದಾಗಲೂ ಸುದ್ದಿಯಲ್ಲಿ ಬಂದ ಪದ ಹರಾಜು.

ಜೊತೆಗೆ ಬರುವ ಕ್ರಿಯಾಪದದಲ್ಲಿ ಮಾತ್ರ ಜಾಗ್ರತೆ ಬೇಕು. ‘ಹರಾಜು ಹಾಕಿದರು’ ಅಂದರೆ ಮಾರುವವರು. ‘ಹರಾಜಿನಲ್ಲಿ ಹಿಡಿದರು’ ಅಂದರೆ ಗೆದ್ದವರು. ‘ಹರಾಜು ಕೂಗಿದರು’ ಅಂದಾಗಲೇ ತೊಂದರೆ. ಮಾರುವವನೂ ಕೂಗುತ್ತಾನೆ, ಕೊಳ್ಳುವವನೂ ಕೂಗುತ್ತಾನೆ. ಮಾತಿನಲ್ಲಿ ಸಂದರ್ಭ ಕಾಪಾಡುತ್ತದೆ, ಬರಹದಲ್ಲಿ ಕಾಪಾಡುವುದಿಲ್ಲ. ‘ಹರಾಜುದಾರ’ನ ಕಥೆಯೂ ಇದೇ. ಕೆಲವು ಪ್ರಕಟಣೆಗಳಲ್ಲಿ ಅವನು ಕೂಗಿಸುವವನು, ಕೆಲವದರಲ್ಲಿ ಕೊಳ್ಳುವವನು. ನಾನು ಆ ಪದವನ್ನೇ ಬಿಟ್ಟಿದ್ದೇನೆ. ಕೂಗಿಸುವವನಿಗೆ ‘ಹರಾಜು ನಡೆಸುವವರು’, ಕೊಳ್ಳಲು ಬಂದವನಿಗೆ ‘ಸವಾಲುದಾರರು’. ‘ಬಿಡ್‌ದಾರರು’ ಎಂದು ಬರೆದರೂ ಜನರಿಗೆ ತಿಳಿಯುತ್ತದೆ, ಆದರೆ ಬಿಡ್ ಅನ್ನು ಕನ್ನಡ ಕಿವಿ ‘ಬಿಡು’ ಎಂದು ಕೇಳಿಸಿಕೊಳ್ಳುತ್ತದೆ. ಹಿಡಿಯಲು ಬಂದವನನ್ನು ಬಿಡುದಾರ ಅಂದರೆ ಹೇಗೆ?

ಇನ್ನು ‘ಹರಾಜು ಪ್ರಕ್ರಿಯೆ’. ಹರಾಜು ಅಂದರೇ ಒಂದು ಪ್ರಕ್ರಿಯೆ. ಅದನ್ನು ಕಿತ್ತುಹಾಕಿ.

ಹರಾಜಿಗಷ್ಟೇ ಇರುವ ಒಂದು ಆಸ್ತಿ ಅದರ ನುಡಿಗಟ್ಟು. ‘ಮಾನ ಹರಾಜಾಯಿತು’, ‘ಮನೆ ಮರ್ಯಾದೆ ಹರಾಜು ಹಾಕಿದ’. ಲಿಲಾವಿಗೆ, ಏಲಮಿಗೆ ಈ ಬಳಕೆ ಅಷ್ಟು ಸಲೀಸಾಗಿ ಒಗ್ಗಿದ್ದನ್ನು ನಾನು ಕೇಳಿಲ್ಲ. ಮಾನ ಟೆಂಡರ್ ಆಯಿತು ಅಂತಂತೂ ಯಾರೂ ಅನ್ನುವುದಿಲ್ಲ. ಲಕೋಟೆಯೊಳಗೆ ಹೋದ ಮಾನ ಊರಿಗೆ ಕಾಣುವುದಿಲ್ಲವಲ್ಲ. ಹರಾಜು ಅಂದರೆ ನಾಲ್ಕು ಜನರೆದುರು ಬಿಚ್ಚಿಟ್ಟು ಬೆಲೆ ಕಟ್ಟುವುದು ಎಂಬುದು ಈ ನುಡಿಗಟ್ಟಿನೊಳಗೇ ಇದೆ.

ಲಿಲಾವು ಮತ್ತು ಏಲಂ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹಿರಿಯರ ಬಾಯಲ್ಲಿ ಲಿಲಾವು ಇನ್ನೂ ಜೀವಂತವಾಗಿದೆ. ‘ಹೊಲ ಲಿಲಾವಕ್ಕ ಬಂತು’ ಅಂದಾಗ ಆ ಕಡೆಯ ರೈತನಿಗೆ ಎದೆ ಧಸಕ್ಕೆನ್ನುತ್ತದೆ. ಕಥೆ, ಸಂಭಾಷಣೆ, ಆ ಭಾಗದ ಸ್ಥಳೀಯ ಸುದ್ದಿ ಬರೆಯುವಾಗ ಅದನ್ನೇ ಬರೆಯಿರಿ, ಹರಾಜು ಹಾಕಿದರೆ ಸಪ್ಪೆಯಾಗುತ್ತದೆ. ಹಳೇ ಮೈಸೂರಿನ ಓದುಗರಿಗೆ ಬರೆಯುವುದಾದರೆ ಬೇಡ. ‘ಲೀಲಾವು’ ಎಂದು ಎಳೆದು ಬರೆಯುವುದೂ ಉಂಟು, ನನಗದು ಯಾಕೋ ದೇವರ ಲೀಲೆಯಂತೆ ಕಾಣುತ್ತದೆ.

ಏಲಂ ಇದಕ್ಕಿಂತ ಗಟ್ಟಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಇದು ಹಿರಿಯರ ಪದವಲ್ಲ, ಇವತ್ತಿನ ಪದ. ಬಂದರಿನಲ್ಲಿ ಬೋಟು ಬಂದಾಗ ಮೀನಿನ ರಾಶಿಯ ಏಲಂ. ದೈವಸ್ಥಾನ, ಇಗರ್ಜಿ, ಮಸೀದಿಗಳಲ್ಲಿ ಹರಕೆ ಬಂದ ಬಾಳೆಗೊನೆ, ತರಕಾರಿ, ಕೋಳಿಯ ಏಲಂ. ಸುಳ್ಯ, ಪುತ್ತೂರಿನ ಗ್ರಾಮ ಪಂಚಾಯಿತಿಗಳಲ್ಲಿ ‘ಹಸಿಮೀನು ಮಾರಾಟದ ಏಲಂ’ ಒಂದು ವಾರ್ಷಿಕ ಸಂಗತಿ. ಹೊರಗಿನವರು ಇದನ್ನು ಓದಿ ಪಂಚಾಯಿತಿಯವರು ಮೀನು ಮಾರುತ್ತಾರೆಂದು ತಿಳಿಯುತ್ತಾರೆ. ಅಲ್ಲಿ ಮಾರಾಟವಾಗುವುದು ಮೀನಲ್ಲ, ಆ ವ್ಯಾಪ್ತಿಯಲ್ಲಿ ಮೀನು ಮಾರುವ ಹಕ್ಕು. ಮಾವನ ಮನೆಯಲ್ಲಿ ಇದನ್ನು ಕೇಳಿ ನಾನೂ ಮೊದಲ ವರ್ಷ ಚೀಲ ಹಿಡಿದು ಹೊರಡುವವನಿದ್ದೆ.

ತಮಿಳಿನಲ್ಲಿ ಏಲಕ್ಕಿಗೂ ಏಲಂ, ಹರಾಜಿಗೂ ಏಲಂ. ಏಲಕ್ಕಿ ಹರಾಜಿಗೆ ಹೆಸರಾದ ಬೋಡಿನಾಯಕನೂರಿನಲ್ಲಿ ಇದೇನೂ ಗೊಂದಲ ಮಾಡಿದಂತಿಲ್ಲ. ತೆಲುಗಿನಲ್ಲಿ ವೇಲಂಪಾಟ, ಪಾಟ ಅಂದರೆ ಹಾಡು. ಬಾಗೇಪಲ್ಲಿ, ಮುಳಬಾಗಿಲು ಕಡೆ ಇದು ಕಿವಿಗೆ ಬೀಳುತ್ತದೆ. ಎಲ್ಲರೂ ನುಗ್ಗುತ್ತಾರೆಂದು ತಾನೂ ನುಗ್ಗುವ ಹುಚ್ಚಿಗೆ ತೆಲುಗರು ‘ವೇಲಂವೆರ್ರಿ’ ಅನ್ನುತ್ತಾರೆ. ಹರಾಜಿನ ಹುಚ್ಚು. ಕನ್ನಡದಲ್ಲಿ ಅಂಥದೊಂದು ಪದ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ.

ಸವಾಲು

ಈ ಪದದ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಉತ್ತರ ಕನ್ನಡದ ಕರಾವಳಿಯಲ್ಲಿ ಗಣಪತಿ ಕೂರಿಸಿದ ಕಡೆ ಮೂರ್ತಿಯ ಮೇಲ್ಗಡೆ ಫಲಾವಳಿ ಕಟ್ಟುತ್ತಾರೆ. ತೆಂಗಿನಕಾಯಿ, ಅಡಿಕೆಗೊನೆ, ಸೌತೆ, ಬಾಳೆ, ಕಾಡಿನ ಕಾಯಿಗಳು, ಕೆಲವು ಕಡೆ ಚಕ್ಕುಲಿ, ಲಾಡು ಕೂಡ. ವಿಸರ್ಜನೆಯ ಹೊತ್ತಿಗೆ ಅದರ ಸವಾಲು. ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಕಾಯಿ ಸಾವಿರ ದಾಟುತ್ತದೆ. ‘ಸಾವಿರದ ಒಂದು! ಯಾರಾದರೂ ಇದ್ದೀರಾ?’ ಎಂದು ಕೂಗಿಸುವವನು ಕೇಳುವುದು ನಿಜಕ್ಕೂ ಪ್ರಶ್ನೆಯೇ, ಪದದ ಹಳೆಯ ಅರ್ಥವೇ. ಎದುರಿನವನು ‘ಸಾವಿರದ ಐನೂರು’ ಅಂದಾಗ ಅದು ಪಂಥವೂ ಹೌದು, ಪದದ ಈಗಿನ ಅರ್ಥ. ಇಲ್ಲಿ ಯಾರೂ ಕಡಿಮೆಗೆ ಹೊಡೆದುಕೊಂಡು ಹೋಗಲು ಬಂದಿರುವುದಿಲ್ಲ. ಹರಕೆ, ಊರೊಳಗಿನ ಮಾತು, ಕಳೆದ ವರ್ಷ ಕೈತಪ್ಪಿದ್ದರ ಕಿಚ್ಚು ಎಲ್ಲ ಸೇರಿ ಬೆಲೆ ಏರುತ್ತದೆ. ದೇವರ ಮುಂದಿನ ಇಂಥ ಮಾರಾಟಕ್ಕೆ ಹರಾಜು ಅನ್ನುವುದಕ್ಕಿಂತ ಸವಾಲು ಸರಿಯಾಗಿ ಕೂರುತ್ತದೆ. ಹರಾಜು ಅನ್ನುವಾಗ ಸಾಲ, ಜಪ್ತಿ, ಕೋರ್ಟಿನ ಅಮೀನ ಇವರ ನೆರಳು ಬೀಳುತ್ತದೆ.

ಆದರೆ ಬೆಂಗಳೂರಿನ ಓದುಗರಿಗೆ ‘ತೆಂಗಿನಕಾಯಿ ಸವಾಲು’ ಅಂದರೆ ಕಾಯಿ ಒಡೆಯುವ ಸ್ಪರ್ಧೆ ಎಂದು ಕೇಳಿಸಬಹುದು. ರಾಜ್ಯಕ್ಕೆಲ್ಲ ಸಲ್ಲಬೇಕಾದ ಬರಹದಲ್ಲಿ ಇಡೀ ಮಾರಾಟಕ್ಕೆ ಹರಾಜು ಎಂದೂ, ಅದರೊಳಗಿನ ಒಂದೊಂದು ಕೂಗಿಗೆ ಸವಾಲು ಎಂದೂ ಇಟ್ಟುಕೊಳ್ಳಿ. ‘ಹರಾಜಿನಲ್ಲಿ ಹದಿನೇಳು ಸವಾಲು ಬಂದವು, ಕೊನೆಯ ಸವಾಲು 52,000.’ ಇಂಗ್ಲಿಷಿನ ಬಿಡ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ.

ಹರಾಜೋ ಟೆಂಡರೋ: ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ

ಮೇಲಿನ ನಾಲ್ಕೂ ಊರಿಂದ ಊರಿಗೆ ಬದಲಾಗುವ ಹೆಸರುಗಳು, ಒಂದರ ಬದಲು ಇನ್ನೊಂದು ಬರೆದರೆ ಆಗುವ ನಷ್ಟ ಕಡಿಮೆ. ಟೆಂಡರ್ ಹಾಗಲ್ಲ. ಅದು ಹರಾಜಿನ ಇನ್ನೊಂದು ಹೆಸರಲ್ಲ, ಬೇರೆಯೇ ಆಟ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಿ. ವ್ಯಾಪಾರಿಗಳು ಚೀಲದಿಂದ ಚೀಲಕ್ಕೆ ಹೋಗಿ ಕಾಯಿ ಮುರಿದು, ಬಣ್ಣ ನೋಡಿ, ಪ್ರತಿ ಲಾಟಿಗೆ ತಮ್ಮ ದರವನ್ನು ಗೊತ್ತಾದ ಹೊತ್ತಿನೊಳಗೆ ಕಂಪ್ಯೂಟರಿಗೆ ಹಾಕುತ್ತಾರೆ. ಪಕ್ಕದವನು ಎಷ್ಟು ಹಾಕಿದ ಎಂಬುದು ಗೊತ್ತಾಗುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚಿನ ದರ ಪ್ರಕಟ. ಅದು ಇ-ಟೆಂಡರ್. ಕೋಲಾರದ ಟೊಮೆಟೊ ಮಂಡಿಯಲ್ಲಾದರೆ ಬಾಕ್ಸುಗಳ ಸಾಲಿನ ಮುಂದೆ ಗುಂಪು ನಿಂತು, ಒಬ್ಬ ಹಾಡಿದಂತೆ ದರ ಏರಿಸುತ್ತ ಹೋಗುತ್ತಾನೆ, ಎದುರಿನವನ ಮುಖ ನೋಡಿಯೇ ಇನ್ನೊಬ್ಬ ಹತ್ತು ರೂಪಾಯಿ ಹೆಚ್ಚಿಗೆ ಅನ್ನುತ್ತಾನೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದ್ದು ಇಂಥ ಕೂಗಿನಲ್ಲೇ. ಅದು ಹರಾಜು.

ವ್ಯತ್ಯಾಸ ಸದ್ದಿನದ್ದಲ್ಲ. ಒಂದು ಮಳಿಗೆಗೆ ನೀವು ತಿಂಗಳಿಗೆ 8,000 ಕೊಡಲು ತಯಾರು, ಎದುರಾಳಿ 6,000ಕ್ಕೆ ನಿಲ್ಲುವವನು ಎಂದುಕೊಳ್ಳಿ. ಹರಾಜಿನಲ್ಲಿ ಅವನು 6,000 ಅಂದ ಮೇಲೆ ನೀವು 6,100 ಅಂದರೆ ಸಾಕು, ಮಳಿಗೆ ನಿಮ್ಮದು. ಟೆಂಡರಿನಲ್ಲಿ ನಿಮಗೆ ಅವನ 6,000 ಕಾಣುವುದಿಲ್ಲ. ಹೆದರಿ 8,000 ಬರೆದರೆ 8,000ವನ್ನೇ ಕಟ್ಟಬೇಕು, ಜಾಣತನ ಮಾಡಿ 5,900 ಬರೆದರೆ ಕೈಬಿಟ್ಟಿತು. ಎರಡನೇ ಅವಕಾಶ ಇಲ್ಲ. ಹರಾಜಿನಲ್ಲಿ ಅಪಾಯ ಬೇರೆ ಥರದ್ದು. ಅವನೂ ಬಿಡದೆ ನೀವೂ ಬಿಡದೆ ಬೆಲೆ 11,000ಕ್ಕೆ ಹೋಗಿ, ಮನೆಗೆ ಬಂದು ಲೆಕ್ಕ ಹಾಕಿದಾಗ ವೇಲಂವೆರ್ರಿಯ ಅರ್ಥ ಆಗುತ್ತದೆ. ಹರಾಜಿಗೆ ಹೋಗುವವರು ಮೇಲ್ಮಿತಿಯನ್ನು ಮನೆಯಲ್ಲೇ ಚೀಟಿಯ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಟೆಂಡರ್ ಹಾಕುವವರು ಎದುರಾಳಿಯನ್ನು ಅಳೆಯುವುದಕ್ಕೆ ಸಮಯ ಕೊಡಬೇಕು.

ದಿಕ್ಕಿನ ವಿಷಯವೂ ಇದೆ. ಹರಾಜಿನಲ್ಲಿ ಗೆಲ್ಲುವುದು ಹೆಚ್ಚು ಅಂದವನು. ಟೆಂಡರಿನಲ್ಲಿ ಸರ್ಕಾರ ಕೊಳ್ಳುತ್ತಿದೆಯೋ ಮಾರುತ್ತಿದೆಯೋ ನೋಡಿ. ರಸ್ತೆ, ಕಟ್ಟಡ, ಸರಬರಾಜಿಗೆ ಕರೆಯುವ ಟೆಂಡರ್ ಸರ್ಕಾರಿ ಖರೀದಿಗೆಂದು ಇರುವ 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುವಂಥದ್ದು, ಅರ್ಹರಲ್ಲಿ ಕಡಿಮೆ ಅಂದವನಿಗೆ ಹೋಗುತ್ತದೆ. ಮಳಿಗೆ, ಮರ, ಗುಜರಿ ಮಾರುವ ಟೆಂಡರ್ ಹೆಚ್ಚು ಬರೆದವನಿಗೆ. ‘ಟೆಂಡರ್-ಕಂ-ಹರಾಜು’ ಎಂದು ಬರೆದಿದ್ದರೆ ಲಕೋಟೆಯಲ್ಲಿ ಬಂದ ದರ, ಕೂಗಿನಲ್ಲಿ ಬಂದ ದರ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಚ್ಚಿನದನ್ನು ಹಿಡಿಯುತ್ತಾರೆ. ಅಲ್ಲಿ ಕೂಗಿಗೆ ಮಾತ್ರ ಹೋಗಿ ನಿಂತವನು, ಆಮೇಲೆ ಬಿಚ್ಚುವ ಲಕೋಟೆಗೆ ಸೋಲುವುದುಂಟು.

ಜಾನುವಾರು ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುವುದು ಈ ಎರಡೂ ಅಲ್ಲ. ಅದು ಚೌಕಾಸಿ. ಬೆಲೆ ಒಬ್ಬನ ಜೊತೆ ಒಬ್ಬನಿಗೆ, ಗುಟ್ಟಾಗಿ. ನೋಡಲು ಎಷ್ಟೇ ಚೆನ್ನಾಗಿದ್ದರೂ ವರದಿಯಲ್ಲಿ ‘ಎತ್ತುಗಳ ಹರಾಜು’ ಎಂದು ಬರೆಯಬೇಡಿ.

ಕೂಗೇ ಇಲ್ಲದ ಹರಾಜು, ಇಳಿಯುವ ಹರಾಜು

ಇ-ಹರಾಜಿನಲ್ಲಿ ಬಾಯಿ ತೆರೆಯುವವರಿಲ್ಲ. ಆದರೂ ಈಗಿನ ದರ ಪರದೆಯ ಮೇಲೆ ಕಾಣುತ್ತಿದ್ದು ಅದರ ಮೇಲೆ ಏರಿಸಲು ಅವಕಾಶವಿದ್ದರೆ ಅದು ಹರಾಜೇ. ಕಾಣದಿದ್ದರೆ ಟೆಂಡರ್, ಹೆಸರು ಏನೇ ಇಟ್ಟಿರಲಿ.

ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದ್ದು ಡಚ್ಚರ ಪದ್ಧತಿ. ಗಡಿಯಾರದಂಥ ಫಲಕದಲ್ಲಿ ಬೆಲೆ ಮೇಲಿಂದ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಇದಕ್ಕೆ ‘ಇಳಿಕೆ ಹರಾಜು’ ಅಂದರೆ ಸಾಕು, ಸವಾಲು ಹೊಂದುವುದಿಲ್ಲ. ಇಲ್ಲಿ ಒಬ್ಬನೇ ಮಾತಾಡುತ್ತಾನೆ, ಮರುಕೂಗು ಇಲ್ಲ.

ಚೀಟಿ ಇನ್ನೂ ತಮಾಷೆ. ‘ಚೀಟಿ ಕೂಗಿದೆ’ ಅನ್ನುವಾಗ ಕೂಗುವುದು ಎಷ್ಟು ಕೊಡುತ್ತೇನೆ ಅಂತಲ್ಲ, ಎಷ್ಟು ಬಿಡುತ್ತೇನೆ ಅಂತ. 20 ಜನರ ಒಂದು ಲಕ್ಷದ ಚೀಟಿಯಲ್ಲಿ ಒಬ್ಬರು 25,000 ಬಿಡಲು ಒಪ್ಪಿದರೆ ಅವರ ಕೈಗೆ 75,000. ಬಿಟ್ಟದ್ದರಲ್ಲಿ ನಡೆಸುವವರ ಕಮಿಷನ್ 5,000 ಕಳೆದರೆ ಉಳಿದ 20,000 ಎಲ್ಲರಿಗೂ ತಲಾ 1,000. ಅಗತ್ಯ ಜಾಸ್ತಿ ಇದ್ದವನೇ ಜೋರಾಗಿ ಕೂಗುತ್ತಾನೆ. ಹಾಗಾಗಿ ‘ಚೀಟಿ ಹರಾಜಿನಲ್ಲಿ ಗೆದ್ದರು’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ‘ಚೀಟಿ ಎತ್ತಿದರು’ ಅನ್ನುವುದೇ ಸರಿ.

ಬಿಕರಿ, ಗುತ್ತಿಗೆ

ಬಿಕರಿ ಅಂದರೆ ಮಾರಾಟವಾದದ್ದು, ಹರಾಜಿನ ಫಲ. ಐಪಿಎಲ್ ಹರಾಜಿಗೆ ಬಂದ ಆಟಗಾರರೆಲ್ಲ ಬಿಕರಿಯಾಗುವುದಿಲ್ಲ. ‘27 ಕೋಟಿಗೆ ಪಂತ್ ಬಿಕರಿ’ ವ್ಯಾಕರಣಕ್ಕೆ ಸರಿ, ಆದರೆ ಮನುಷ್ಯನನ್ನು ಕಡಲೆಕಾಯಿ ಮಾಡಿದಂತಿದೆ. ‘27 ಕೋಟಿಗೆ ಲಖನೌ ಪಾಲು’ ಎಂದು ಬರೆದವರೂ ಇದ್ದರು, ಅದು ವಾಸಿ. ಸಂತೆ ಸುಂಕ, ಹುಣಸೆ ಮರದ ಫಸಲು, ಕೆರೆಯ ಮೀನು ಇಂಥವುಗಳಲ್ಲಿ ಹಕ್ಕು ಹಿಡಿಯುವ ರೀತಿ ಹರಾಜು, ಹಿಡಿದ ಮೇಲೆ ಅನುಭವಿಸುವುದು ಗುತ್ತಿಗೆ. ಹರಾಜು ಒಂದು ದಿನದ್ದು, ಗುತ್ತಿಗೆ ವರ್ಷದ್ದು. 2020ರ ಡಿಸೆಂಬರಿನಲ್ಲಿ ಕೆಲವು ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಸದಸ್ಯ ಸ್ಥಾನಗಳೇ ಹರಾಜಾದ ಸುದ್ದಿ ಬಂದಾಗ ನಮ್ಮ ಡೆಸ್ಕಿನಲ್ಲಿ ಆ ಪದಕ್ಕೆ ಉದ್ಧರಣ ಚಿಹ್ನೆ ಹಾಕಬೇಕೇ ಎಂಬ ಚರ್ಚೆ ನಡೆಯಿತು. ದೇವಸ್ಥಾನದ ಮುಂದೆ ನಿಂತು ಸ್ಥಾನಕ್ಕೆ ಇಷ್ಟು ಲಕ್ಷ ಎಂದು ಕೂಗಿದ್ದಾರೆ, ಇನ್ನೇನು ಚಿಹ್ನೆ?

ಪ್ರಕಟಣೆ ಓದುವಾಗ

ಬ್ಯಾಂಕಿನ ಆಸ್ತಿ ಹರಾಜಿನ ಪ್ರಕಟಣೆಯಲ್ಲಿ ‘ಮೀಸಲು ಬೆಲೆ’ ಅಂದರೆ ಅದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಗೆರೆ, ಮಾರುಕಟ್ಟೆ ಬೆಲೆ ಅಲ್ಲ. ‘ಎಲ್ಲಿದೆಯೋ ಹೇಗಿದೆಯೋ ಹಾಗೆ’ ಅಂದರೆ ಒಳಗೆ ಬಾಡಿಗೆದಾರ ಇದ್ದರೂ, ತೆರಿಗೆ ಬಾಕಿ ಇದ್ದರೂ ತಲೆನೋವು ನಿಮ್ಮದು. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆದು ಮಾರಲು ಇರುವ 2002ರ ಸರ್ಫೇಸಿ ಕಾಯ್ದೆಯ ನಿಯಮಗಳಂತೆ ಗೆದ್ದವರು ಶೇ 25ರಷ್ಟನ್ನು ಅಂದೇ ಅಥವಾ ಮರು ಕೆಲಸದ ದಿನ ಕಟ್ಟಬೇಕು, ಉಳಿದದ್ದಕ್ಕೆ ಸಾಮಾನ್ಯವಾಗಿ ಮಾರಾಟ ಖಚಿತವಾದ ಮೇಲೆ 15 ದಿನ. ಬ್ಯಾಂಕ್ ಸಾಲ ಮಂಜೂರಾಗುವುದಕ್ಕೆ ಆ ಹದಿನೈದು ದಿನ ಹಲವು ಸಲ ಸಾಲುವುದಿಲ್ಲ. ಇನ್ನೊಂದು, ಸರಕು ಮಾರಾಟ ಕಾಯ್ದೆಯ ಪ್ರಕಾರ ಸುತ್ತಿಗೆ ಬೀಳುವವರೆಗೂ ಅಥವಾ ‘ಮೂರನೇ ಸಲ’ ಅನ್ನುವವರೆಗೂ ಕೂಗಿದವನು ಕೂಗನ್ನು ಹಿಂದಕ್ಕೆ ಪಡೆಯಬಹುದು. ಸರ್ಕಾರಿ ಹರಾಜಿನ ಷರತ್ತುಗಳಲ್ಲಿ ಠೇವಣಿ ಮುಟ್ಟುಗೋಲಿನ ಸಾಲು ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಆ ಮಳಿಗೆಯ ಕರಡನ್ನು ಕೊನೆಗೆ ಹೀಗೆ ತಿದ್ದಿ ಕಳಿಸಿದೆ: ‘ಟೆಂಡರ್-ಕಂ-ಹರಾಜು. ಬರೆದು ಕೊಡುವವರು ಲಕೋಟೆಯನ್ನು ಹಿಂದಿನ ದಿನ ಸಂಜೆ 5ರೊಳಗೆ ಪೆಟ್ಟಿಗೆಗೆ ಹಾಕುವುದು. ಕೂಗುವವರು ಮರುದಿನ ಬೆಳಗ್ಗೆ 11ಕ್ಕೆ ಬರುವುದು. ಎರಡರಲ್ಲಿ ಹೆಚ್ಚಿನ ದರಕ್ಕೆ ಮಳಿಗೆ. ಸವಾಲುದಾರರೆಲ್ಲರೂ ಠೇವಣಿ ಕಟ್ಟಿರಬೇಕು.’ ಅಚ್ಚಾಗಿ ಬಂದಾಗ ‘ಕೂಗುವವರು’ ಇದ್ದ ಜಾಗದಲ್ಲಿ ‘ಹರಾಜು ಪ್ರಕ್ರಿಯೆಯಲ್ಲಿ ಭಾಗವಹಿಸಲಿಚ್ಛಿಸುವವರು’ ಎಂದಿತ್ತು. ಉಳಿದದ್ದು ನಾನು ಬರೆದಂತೆಯೇ ಇತ್ತು.